ವಾಮದೇವಯ್ಯನವರ ಹೊಳೆ

ನಮ್ಮೂರಿನಲ್ಲಿ ಹೊಳೆಯಿಲ್ಲ. ಆದರೂ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂರದವರು ನಮ್ಮೂರಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಪೇಟೆಬೀದಿಯ ಕೊನೆಯಲ್ಲಿ, ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ಡಾಕ್ಟರ್ ವಾಮದೇವಯ್ಯನವರ ಹಲ್ಲಿನ ಆಸ್ಪತ್ರೆಯಿತ್ತು. ಅಲ್ಲಿನ ಹಸಿರು ಕುರ್ಚಿಗೆ ಒರಗಿ ಬಾಯಿ ತೆರೆದರೆ ಡಾಕ್ಟರು ತಮ್ಮ ಎಡಗೈಯನ್ನು ದವಡೆಗೆ ಆನಿಸುತ್ತಿದ್ದರು. ಅಷ್ಟೇ, ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಸೂಜಿಯಿಲ್ಲ, ಮದ್ದಿಲ್ಲ. ಇತ್ತ ಅವರ ಬಲಗೈ ಹಲ್ಲಿನ ಕೆಲಸ ಮಾಡುತ್ತಿದ್ದರೆ ಅತ್ತ ಕುರ್ಚಿಯಲ್ಲಿದ್ದವರು ಹೊಳೆದಂಡೆಯ ಕಲ್ಲುಮೆಟ್ಟಿಲಿನ ಮೇಲೆ ಕೂತು ಪಾದ ನೆನೆಸಿಕೊಳ್ಳುತ್ತಿದ್ದರು. ಕೈ ತೆಗೆದಾಗ ಎಚ್ಚರ. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೂ ಒಂದಷ್ಟು ಹೊತ್ತು ಅಂಗಾಲು ತಣ್ಣಗಿರುತ್ತಿತ್ತು.

ಅದಕ್ಕೂ ಹಿಂದೆ ಊರಿನ ಹಲ್ಲಿನ ಡಾಕ್ಟರಾಗಿದ್ದ ಅನಂತಪ್ಪನವರ ಕಾಲದಲ್ಲಿ ಹೊಳೆ ಇರಲಿಲ್ಲವಂತೆ, ಮಾವಿನ ತೋಪು ಇತ್ತಂತೆ. ಹಾಗಾಗಿ ನಮ್ಮೂರಿನಲ್ಲಿ ವಯಸ್ಸು ಹೇಳುವುದೇ ಹಾಗೆ. ಹೆಣ್ಣು ನೋಡಲು ಬಂದವರು, ‘ನಿಮ್ಮಜ್ಜಿ ತೋಪಿನವರಾ, ಹೊಳೆಯವರಾ?’ ಎಂದು ಕೇಳುತ್ತಿದ್ದರು.

ಕುರ್ಚಿ ಒಂದೇ ಆದ್ದರಿಂದ ಹೊಳೆಯ ಹತ್ತಿರ ಒಂದು ಸಲಕ್ಕೆ ಒಬ್ಬರೇ ಇರಲು ಸಾಧ್ಯ. ಆದರೆ ಅಲ್ಲಿ ಬಿಟ್ಟು ಬಂದದ್ದು ಅಲ್ಲಿಯೇ ಉಳಿಯುತ್ತಿತ್ತು. ಬೆಳಿಗ್ಗೆ ಬಂದ ಯಾರೋ ಮರೆತ ಟವೆಲನ್ನು ಮಧ್ಯಾಹ್ನ ಬಂದ ಇನ್ಯಾರೋ ಮಡಿಸಿ ಇಡುತ್ತಿದ್ದರು. ಟೈಲರ್ ಶಾಂತಪ್ಪನೂ ಅಂಚೆ ಕಚೇರಿಯ ಲಲಿತಳೂ ಹನ್ನೊಂದು ತಿಂಗಳು ಮೂರನೆಯ ಮೆಟ್ಟಿಲಿನ ಮೇಲೆ ಒಬ್ಬರಿಗೊಬ್ಬರು ಮಲ್ಲಿಗೆ ಇಟ್ಟುಬರುತ್ತ ಪ್ರೀತಿ ಮಾಡಿದರು. ಮದುವೆಯ ದಿನ ಅವರಿಬ್ಬರ ಬಾಯಲ್ಲಿ ಡಾಕ್ಟರು ಮುಟ್ಟದ ಹಲ್ಲೊಂದೂ ಉಳಿದಿರಲಿಲ್ಲ.

ನಾನು ಕನಕ. ಮೂವತ್ತೊಂದು ವರ್ಷ ವಾಮದೇವಯ್ಯನವರ ಬಲಪಕ್ಕದಲ್ಲಿ ನಿಂತು ಅವರು ಕೇಳುವ ಮೊದಲೇ ಉಪಕರಣ ಕೈಗೆ ಕೊಟ್ಟವಳು. ಸೇರಿದಾಗ ಇಪ್ಪತ್ತೆರಡು ವರ್ಷದ ಹುಡುಗಿ, ರಕ್ತ ಕಂಡರೆ ತಲೆ ಸುತ್ತುತ್ತಿತ್ತು. ಡಾಕ್ಟರು ಬೈಯಲಿಲ್ಲ. ‘ರಕ್ತ ನೋಡ್ಬೇಡ, ನನ್ನ ಕೈ ನೋಡು’ ಎಂದಿದ್ದರು. ಅಂದಿನಿಂದ ನೋಡಿದ್ದು ಅದನ್ನೇ. ಆ ಕೈಯ ಒಂದೊಂದು ಗೆಣ್ಣೂ ನನಗೆ ಗೊತ್ತು.

ಹಲ್ಲಿನ ಡಾಕ್ಟರು ಎಷ್ಟು ವರ್ಷ ಕೆಲಸ ಮಾಡಬೇಕು, ಯಾವಾಗ ಬಿಡಬೇಕು ಎಂದು ನಮ್ಮೂರಿನಲ್ಲಿ ಯಾರೂ ಗೆರೆ ಎಳೆದಿರಲಿಲ್ಲ. ಸರ್ಕಾರಿ ಕೆಲಸದವರಿಗೆ ಅರವತ್ತಕ್ಕೆ ಶಾಲು ಹೊದಿಸಿ ಹಾರ ಹಾಕಿ ಕಳಿಸುತ್ತಾರೆ. ಸ್ವಂತ ಆಸ್ಪತ್ರೆಯವರಿಗೆ ಹಾರ ಹಾಕುವವರು ಯಾರು? ಅನಂತಪ್ಪನವರ ಕತೆ ಊರಿಗೆಲ್ಲ ಗೊತ್ತಿತ್ತು. ತೋಪಿನ ಮರಗಳು ಒಣಗುತ್ತ ಬಂದರೂ ಅವರು ಬಿಡಲಿಲ್ಲ, ಅವರಿಗೆ ಯಾರೂ ಹೇಳಲೂ ಇಲ್ಲ. ಜನ ಸುಮ್ಮನೆ ಬರುವುದನ್ನು ನಿಲ್ಲಿಸಿದರು. ಆತ ಬಿಳಿ ಕೋಟು ಹಾಕಿಕೊಂಡು ಬೆಳಿಗ್ಗೆ ಒಂಬತ್ತಕ್ಕೆ ಬಂದು, ಖಾಲಿ ಕುರ್ಚಿಯ ಎದುರು ಕೂತು, ಸಂಜೆ ಆರಕ್ಕೆ ಬಾಗಿಲು ಹಾಕಿಕೊಂಡು ಹೋಗುತ್ತಿದ್ದರಂತೆ. ಹಾಗೆ ಮೂರು ವರ್ಷ. ಆಗ ಹೊಸದಾಗಿ ಊರಿಗೆ ಬಂದಿದ್ದ ವಾಮದೇವಯ್ಯನವರು ಅದನ್ನು ಎದುರು ಕಿಟಕಿಯಿಂದ ದಿನಾ ನೋಡಿದ್ದರು.

ಅವರಿಗೆ ಐವತ್ತು ತುಂಬಿದ ದಿನ, ಕೈ ತೊಳೆಯುತ್ತ, ಬೆನ್ನು ನನ್ನ ಕಡೆ ಇದ್ದ ಹಾಗೆಯೇ ಹೇಳಿದರು. ‘ಕನಕಾ, ನನಗೆ ಅನಂತಪ್ಪನವರ ಗತಿ ಬೇಡ. ಹೊತ್ತು ಬಂದಾಗ ನೀನು ಹೇಳ್ಬೇಕು. ನನ್ನ ಕೈ ನನಗಿಂತ ಚೆನ್ನಾಗಿ ನಿನಗೆ ಗೊತ್ತು.’

‘ಹೇಳ್ತೀನಿ ಡಾಕ್ಟ್ರೇ’ ಎಂದೆ. ಎಷ್ಟು ಸುಲಭವಾಗಿ ಅಂದುಬಿಟ್ಟೆ!

ಮೊದಲು ಕುತ್ತಿಗೆ ಹೋಯಿತು. ನಲವತ್ತು ವರ್ಷ ಎಡಕ್ಕೆ ಬಾಗಿ ಬಾಗಿ, ನೆಟ್ಟಗೆ ನಿಂತಾಗಲೂ ಅವರು ಏನನ್ನೋ ಆಲಿಸುತ್ತಿರುವವರ ಹಾಗೆ ಕಾಣುತ್ತಿದ್ದರು. ಆಮೇಲೆ ಕನ್ನಡಕ ದಪ್ಪವಾಯಿತು. ಅದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅವರಿಗೆ ಎಪ್ಪತ್ತೊಂದು ತುಂಬಿದ ಬೇಸಿಗೆಯಲ್ಲಿ ಗ್ರಂಥಾಲಯದ ಮಾದಯ್ಯ ಕುರ್ಚಿಯಿಂದೆದ್ದು ಹೋಗುವಾಗ ಬಾಗಿಲ ಬಳಿ ನನ್ನನ್ನು ಕರೆದು ಪಿಸುಗುಟ್ಟಿದ. ‘ಕನಕಕ್ಕ, ಮೆಟ್ಟಿಲು ಎರಡು ಜಾಸ್ತಿ ಆಗಿವೆ.’

ನನಗೆ ಅರ್ಥವಾಗಲಿಲ್ಲ. ಎರಡು ದಿನ ಬಿಟ್ಟು ಇನ್ನೊಬ್ಬರು ಅದನ್ನೇ ಅಂದರು. ಆಮೇಲೆ ಹೊಳೆಯಿತು. ಮೆಟ್ಟಿಲು ಎಲ್ಲಿಂದ ಜಾಸ್ತಿಯಾದೀತು, ನೀರು ಇಳಿದಿತ್ತು. ಅಂದು ಸಂಜೆ ಡಾಕ್ಟರ ಎಡಗೈಯನ್ನು ದೀಪದ ಬೆಳಕಿನಲ್ಲಿ ಕದ್ದು ನೋಡಿದೆ. ಕಿರುಬೆರಳು ಸಣ್ಣಗೆ, ದೂರದ ಮನೆಯ ಹೊಲಿಗೆ ಯಂತ್ರದ ಹಾಗೆ, ನಡುಗುತ್ತಿತ್ತು.

ಊರಿಗೆ ಊರೇ ಸೇರಿ ಅದನ್ನು ಮುಚ್ಚಿಟ್ಟಿತು. ನೀರು ಪಾದಕ್ಕೆ ಸಿಗದಿದ್ದರೂ ಜನ ಎಚ್ಚರಾದ ಮೇಲೆ ಕಾಲು ಒರೆಸಿಕೊಳ್ಳುವ ಹಾಗೆ ಮಾಡುತ್ತಿದ್ದರು. ನಿದ್ದೆ ತೆಳ್ಳಗಾಗಿ ನಡುವೆ ನೋವಿಗೆ ಎಚ್ಚರವಾದರೆ ಕಣ್ಣು ಬಿಡದೆ, ಸೆರಗನ್ನೋ ಪಂಚೆಯ ತುದಿಯನ್ನೋ ಮುಷ್ಟಿಯಲ್ಲಿ ಹಿಂಡಿಕೊಂಡು ತಡೆದುಕೊಳ್ಳುತ್ತಿದ್ದರು. ‘ಹೆಂಗಿತ್ತು?’ ಎಂದು ಯಾರಾದರೂ ಬೀದಿಯಲ್ಲಿ ಕೇಳಿದರೆ, ‘ತಂಪಾಗಿತ್ತು ಕಣಪ್ಪ’ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಪ್ರೀತಿಯೇ ಅದು, ಇಲ್ಲವೆನ್ನಲಾರೆ. ಆದರೆ ಎದುರಿಗೆ ಬಳೆ ಅಂಗಡಿಯ ಮೇಲೆ ಎರಡು ವರ್ಷದ ಹಿಂದೆ ಹಲ್ಲಿನ ಆಸ್ಪತ್ರೆ ತೆರೆದಿದ್ದ ಡಾಕ್ಟರ್ ಸಬಿಹಾ ಕಿಟಕಿಯ ಬಳಿ ಒಂದೇ ಪೇಪರನ್ನು ಮೂರು ಸಲ ಓದುತ್ತ ಕೂತಿರುತ್ತಿದ್ದುದನ್ನೂ ನಾನು ನೋಡುತ್ತಿದ್ದೆ. ಮೂವತ್ತನಾಲ್ಕರ ಹೆಣ್ಣುಮಗಳು, ಚೆನ್ನಾಗಿ ಕಲಿತವಳು. ಅವಳ ಮೆಟ್ಟಿಲು ಹತ್ತುವುದೆಂದರೆ ವಾಮದೇವಯ್ಯನವರಿಗೆ ಬೆನ್ನು ತೋರಿಸಿದ ಹಾಗೆ ಎಂದು ಊರು ತೀರ್ಮಾನಿಸಿತ್ತು.

ನಾನು ಹೇಳಲಿಲ್ಲ. ನಾಳೆ ಹೇಳೋಣ, ಹಬ್ಬ ಕಳೆಯಲಿ, ಈ ತಿಂಗಳು ಮುಗಿಯಲಿ ಎಂದುಕೊಂಡೆ. ಹೇಳುವ ಬದಲು ಮುಚ್ಚುವುದನ್ನು ಕಲಿತೆ. ಉಪಕರಣವನ್ನು ಅವರ ಕೈಗೆ ಕೊಡುವಾಗಲೇ ಸರಿಯಾದ ಹಲ್ಲಿನ ಕಡೆ ತುದಿ ತಿರುಗಿಸಿ ಕೊಡುತ್ತಿದ್ದೆ. ಹತ್ತಿ ಇಡುವ ನೆಪದಲ್ಲಿ ಅವರ ಮಣಿಕಟ್ಟನ್ನು ಅರ್ಧ ಬೆರಳಿನಷ್ಟು ಸರಿಸುತ್ತಿದ್ದೆ. ಒಮ್ಮೆ ಅವರ ಮನೆಗೆ ಹೋದಾಗ ಹೆಂಡತಿ ವಿಮಲಮ್ಮ ಡಾಕ್ಟರ ಅಂಗಿಯ ಗುಂಡಿ ಹಾಕಿಕೊಡುತ್ತಿದ್ದರು. ನನ್ನ ಕಡೆ ನೋಡಿದರು. ನಾನೂ ನೋಡಿದೆ. ಇಬ್ಬರೂ ಕಾಫಿಯ ವಿಷಯ ಮಾತಾಡಿದೆವು.

ಹಾಗೆ ಎಂಟು ತಿಂಗಳು ಕಳೆದ ಮೇಲೆ ಓಲಗದ ಗಾಳೆಪ್ಪ ಬಂದ. ನಾಗಸ್ವರದಲ್ಲಿ ನಮ್ಮ ಸೀಮೆಯಲ್ಲೇ ಅವನನ್ನು ಮೀರಿಸುವವರಿರಲಿಲ್ಲ. ಮೇಲುಸಾಲಿನ ಮುಂದಿನ ಹಲ್ಲೊಂದು ಬುಡದಲ್ಲಿ ಕೊಳೆತು ಕೆನ್ನೆ ಊದಿತ್ತು.

‘ಮುಂದಿನ ತಿಂಗ್ಳು ಮೂರು ಮದ್ವೆ ಒಪ್ಕೊಂಡಿದೀನಿ ಡಾಕ್ಟ್ರೇ’ ಎಂದ. ‘ಇದೊಂದನ್ನ ಕಿತ್ತಾಕಿ. ಪಕ್ಕದ್ದು ಮಾತ್ರ ಜೋಪಾನ. ಪೀಪಿ ನಿಲ್ಲೋದೇ ಅದರ ಆಸರೇಲಿ.’

‘ನಿನ್ನ ಓಲಗ ಇಲ್ದೆ ಊರಲ್ಲಿ ಯಾರ ಮದ್ವೆ ಆಗುತ್ತಯ್ಯ, ಮಲಕ್ಕೋ’ ಎಂದು ಡಾಕ್ಟರು ನಕ್ಕು ಎಡಗೈ ಆನಿಸಿದರು.

ನನ್ನ ಒಂದು ಕೈಯಲ್ಲಿ ಹತ್ತಿ, ಇನ್ನೊಂದರಲ್ಲಿ ಎಂಜಲು ಎಳೆಯುವ ನಳಿಗೆ. ಇಕ್ಕಳ ಬಾಯೊಳಗೆ ಹೋಯಿತು. ಹೋಗಿ ಪಕ್ಕದ ಹಲ್ಲನ್ನು ಹಿಡಿಯಿತು. ನಾನು ನೋಡಿದೆ. ಅವರ ಮಣಿಕಟ್ಟು ಸರಿಸಲು ನನಗೆ ಕೈ ಖಾಲಿಯಿರಲಿಲ್ಲ, ಬಾಯಿಬಿಟ್ಟೇ ಹೇಳಬೇಕಿತ್ತು. ‘ಅದಲ್ಲ’ ಅಂದರೆ ಸಾಕಿತ್ತು, ಮೂರೇ ಅಕ್ಷರ. ಪರದೆಯಾಚೆ ಬೆಂಚಿನ ಮೇಲೆ ಏಳೆಂಟು ಜನ ಕೂತಿದ್ದರು, ಅವರಿಗೆ ಕೇಳಿಸುತ್ತದೆ ಎನ್ನಿಸಿತು. ಡಾಕ್ಟರು ಇನ್ನೊಮ್ಮೆ ನೋಡಿಯೇ ನೋಡುತ್ತಾರೆ ಎನ್ನಿಸಿತು. ಅಷ್ಟರಲ್ಲಿ ಹಲ್ಲು ಈಚೆ ಬಂತು. ಬೆಳ್ಳಗೆ, ಗಟ್ಟಿಯಾಗಿ, ಬೇರಿನ ತುದಿಯವರೆಗೂ ಆರೋಗ್ಯವಾಗಿದ್ದ ಹಲ್ಲು.

ಗಾಳೆಪ್ಪ ಕಣ್ಣುಬಿಟ್ಟ. ಡಾಕ್ಟರು ಹಲ್ಲನ್ನು ದೀಪದ ಕೆಳಗೆ ಹಿಡಿದು ನೋಡಿದರು.

‘ಗಾಳೆಪ್ಪ, ತಪ್ಪಾಯ್ತು. ಒಳ್ಳೇ ಹಲ್ಲು ಕಿತ್ತುಬಿಟ್ಟೆ. ಅಲುಗಾಡಬೇಡ. ಇದನ್ನ ವಾಪಸ್ ಕೂರಿಸೋಕಾಗುತ್ತೆ, ಆದ್ರೆ ಈಗಿಂದೀಗ್ಲೇ ಆಗ್ಬೇಕು’ ಎಂದರು. ದನಿ ಒಂದಿಷ್ಟೂ ತಗ್ಗಿಸಲಿಲ್ಲ. ಪರದೆಯಾಚೆಯ ಮಾತೆಲ್ಲ ನಿಂತುಹೋಯಿತು.

ಬೇರನ್ನು ಮುಟ್ಟದೆ ಹಲ್ಲನ್ನು ತಲೆಯ ಕಡೆ ಹಿಡಿದು ಉಪ್ಪುನೀರಿನಲ್ಲಿ ಅದ್ದಿ, ಅದು ಬಂದ ಗುಳಿಗೇ ಒತ್ತಿ ಕೂರಿಸಿದರು. ಇನ್ನು ಸಣ್ಣ ತಂತಿಯಿಂದ ಅದನ್ನು ಅಕ್ಕಪಕ್ಕದ ಗಟ್ಟಿ ಹಲ್ಲುಗಳಿಗೆ ಕಟ್ಟಬೇಕು. ಕೂದಲಿನಷ್ಟು ತೆಳುವಾದ ತಂತಿ. ಒಂದು ಸಲ ಕೈಯಿಂದ ಜಾರಿತು. ಎತ್ತಿಕೊಟ್ಟೆ. ಮತ್ತೆ ಜಾರಿತು. ಮೂರನೆಯ ಸಲ ನಾನು ಎತ್ತುವ ಮೊದಲೇ ಅವರು ಹೇಳಿದರು. ‘ಸಬಿಹಾನ ಕರ್ಕೊಂಡ್ ಬಾ. ಓಡು.’

ಬೀದಿ ದಾಟಿ ಓಡಿದೆ. ಸಬಿಹಾ ಏನು ಎತ್ತ ಎಂದು ಕೇಳಲಿಲ್ಲ. ಚಪ್ಪಲಿ ಮೆಟ್ಟದೆಯೇ ನನ್ನ ಹಿಂದೆ ಬಂದಳು, ಕೈ ತೊಳೆದಳು, ಬಾಯೊಳಗೆ ಒಮ್ಮೆ ನೋಡಿದಳು. ಡಾಕ್ಟರು ತಮ್ಮ ಸ್ಟೂಲಿನಿಂದ ಎದ್ದರು. ನಲವತ್ತಮೂರು ವರ್ಷದಲ್ಲಿ ಆ ಸ್ಟೂಲಿನ ಮೇಲೆ ಇನ್ನೊಬ್ಬರು ಕೂತದ್ದು ಅದೇ ಮೊದಲು. ಸಬಿಹಾ ಎಡಗೈಯನ್ನು ಗಾಳೆಪ್ಪನ ದವಡೆಗೆ ಇಟ್ಟದ್ದೇ ತಡ, ಅವನ ಹುಬ್ಬು ಸಡಿಲವಾಯಿತು, ಎದೆ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯಿತು, ಮುಷ್ಟಿ ತೆರೆದುಕೊಂಡು ಬೆರಳುಗಳು ಹೂವಿನ ಹಾಗೆ ಬಿಡಿಸಿಕೊಂಡವು. ಅಷ್ಟು ಆಳದ ನಿದ್ದೆಯನ್ನು ನಮ್ಮ ಕುರ್ಚಿ ಎಷ್ಟೋ ಕಾಲದಿಂದ ಕಂಡಿರಲಿಲ್ಲ. ಡಾಕ್ಟರು ಅದನ್ನು ನೋಡುತ್ತ ಗೋಡೆಗೆ ಒರಗಿದರು.

ತಂತಿ ಕಟ್ಟಿ, ಕೊಳೆತದ್ದನ್ನು ತೆಗೆದು, ಅವಳು ಕೈ ಹಿಂದಕ್ಕೆಳೆದಾಗ ಗಾಳೆಪ್ಪ ಚಾವಣಿ ನೋಡುತ್ತ ಮಲಗಿಯೇ ಇದ್ದ.

‘ಏನ್ ಕಂಡೆ?’ ಎಂದರು ಡಾಕ್ಟರು.

‘ಬಟ್ಟೆ’ ಎಂದ, ತುಟಿ ಹೆಚ್ಚು ಅಲುಗಿಸದೆ. ‘ಬಣ್ಣ ಅದ್ದಿ ಒಣಗಾಕಿರೋ ಬಟ್ಟೆ. ಕಣ್ಣು ಹಾಯೋಷ್ಟು ದೂರ, ಸಾಲು ಸಾಲು. ಗಾಳಿಗೆ ಪಟಪಟ ಅಂತಿದ್ವು. ಮಧ್ಯದಲ್ಲಿ ನಡ್ಕೊಂಡು ಹೋದೆ, ಒದ್ದೆ ಸೆರಗು ಬಂದು ಮುಖಕ್ಕೆ ತಾಕೋದು.’

ಸಬಿಹಾ ಕೈಗವಸು ಕಳಚುತ್ತಿದ್ದವಳು ಹಾಗೆಯೇ ನಿಂತಳು. ತನ್ನ ಕೈಯಲ್ಲಿ ಏನಿದೆಯೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹೇಳುವುದಕ್ಕೆ ಯಾರಾದರೂ ಅವಳಲ್ಲಿಗೆ ಬಂದಿದ್ದರೆ ತಾನೆ?

‘ಅದಕ್ಕೂ ಮೊದ್ಲು? ನನ್ನ ಕೈಲಿ?’ ಎಂದರು ಡಾಕ್ಟರು.

ಗಾಳೆಪ್ಪ ನನ್ನತ್ತ ನೋಡಿದ.

‘ಅವಳನ್ನ ಯಾಕೆ ನೋಡ್ತೀಯ? ನನಗೆ ಹೇಳು.’

‘ನೀರಿಲ್ಲ ಡಾಕ್ಟ್ರೇ. ಬರೀ ಮರಳು. ನಟ್ಟನಡುವೆ ಒಂದ್ಕಡೆ ಬೆರಳು ನೆನೆಯೋಷ್ಟು ಇತ್ತು.’

ಅವನನ್ನೂ ಸಬಿಹಾಳನ್ನೂ ಕಳಿಸಿದ ಮೇಲೆ ಪರದೆಯ ಈಚೆ ನಾವಿಬ್ಬರೇ ಉಳಿದೆವು. ಡಾಕ್ಟರು ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸುತ್ತ ಕೇಳಿದರು. ‘ಎಷ್ಟು ದಿನದಿಂದ?’

‘ಎಂಟು ತಿಂಗಳು.’

‘ಊರಿಗೆಲ್ಲ ಗೊತ್ತಾ?’

‘ಗೊತ್ತು.’

‘ನಾನು ತಪ್ಪು ಹಲ್ಲು ಹಿಡಿದಾಗ ನೀನು ನೋಡಿದ್ಯಾ?’

ಸುಳ್ಳು ಹೇಳಬಹುದಿತ್ತು. ‘ನೋಡಿದೆ’ ಎಂದೆ.

ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ‘ಮಾತು ಕೊಟ್ಟಿದ್ದೆ ಕನಕಾ’ ಎಂದರು, ಅಷ್ಟೇ.

‘ನಿಮಗೆ ನೋವಾಗುತ್ತೆ ಅಂತ ಸುಮ್ಮನಿದ್ದೀನಿ ಅಂತ ಅಂದ್ಕೊಂಡಿದ್ದೆ’ ಎಂದೆ. ‘ಇವತ್ತು ಗೊತ್ತಾಯ್ತು, ಅದು ನನ್ನ ಭಯ. ನೀವು ಬಾಗಿಲು ಹಾಕಿದ್ರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ? ಇನ್ನೊಬ್ಬರ ಕೈ ನನಗೆ ಗೊತ್ತಿಲ್ಲ.’

ಡಾಕ್ಟರು ಕನ್ನಡಕ ಹಾಕಿಕೊಂಡರು. ಆಮೇಲೆ, ‘ನನಗೂ ಕಿರುಬೆರಳು ಕಾಣ್ತಿತ್ತು. ನೀನು ಹೇಳಿಲ್ವಲ್ಲ, ಹಾಗಾದ್ರೆ ಇನ್ನೂ ಪರವಾಗಿಲ್ಲ ಅಂದ್ಕೊಳ್ತಿದ್ದೆ. ನಿನ್ನ ಮೇಲೆ ಹಾಕಿ ನಾನೂ ಆರಾಮಾಗಿದ್ದೆ’ ಎಂದರು. ಎದ್ದು ಹೋಗಿ ಪರದೆ ಸರಿಸಿದರು. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು.

‘ಇವತ್ತಿಂದ ನಾನು ಯಾರ ಹಲ್ಲಿಗೂ ಕೈ ಹಾಕಲ್ಲ. ಹಲ್ಲು ನೋಯೋರು ಸಬಿಹಾ ಡಾಕ್ಟರ ಹತ್ರ ಹೋಗಿ. ನನಗೆ ಬೇಜಾರಾಗುತ್ತೆ ಅಂತ ಯಾರೂ ನೋವು ನುಂಗ್ಕೊಂಡು ಕೂರ್ಬೇಡಿ.’

ಮಾದಯ್ಯ ಬೆಂಚಿನ ತುದಿಯಲ್ಲಿದ್ದ. ‘ಹಂಗಾದ್ರೆ ಹೊಳೆ?’ ಎಂದ.

ಅದನ್ನು ಯಾರೂ ಯೋಚಿಸಿರಲಿಲ್ಲ. ಆ ಕೈ ನಿಂತರೆ ಆ ದಂಡೆಗೆ ಇನ್ನು ದಾರಿಯಿಲ್ಲ. ಡಾಕ್ಟರು ತಮ್ಮ ಎಡಗೈಯನ್ನು ಒಮ್ಮೆ ನೋಡಿಕೊಂಡರು. ‘ಒಂದು ವಾರ ಬರ್ತೀನಿ. ಇಕ್ಕಳ ಮುಟ್ಟಲ್ಲ. ಬರೀ ಕೈ ಇಡ್ತೀನಿ. ನೋಡ್ಬೇಕು ಅನ್ನೋರು ಹೋಗಿ ನೋಡ್ಕೊಂಡ್ ಬನ್ನಿ.’

ಆ ಒಂದು ವಾರವನ್ನು ಹೇಗೆ ಹೇಳಲಿ? ಮಹಡಿ ಮೆಟ್ಟಿಲಿನಿಂದ ಬಸ್ ನಿಲ್ದಾಣದವರೆಗೆ ಸಾಲು. ಹಲ್ಲು ನೋವಿಲ್ಲದವರು, ಹಲ್ಲೇ ಇಲ್ಲದವರು, ಮಿಂದು ಮಡಿಯುಟ್ಟು ಬಂದವರು. ಒಬ್ಬೊಬ್ಬರಿಗೆ ಐದು ನಿಮಿಷ. ಡಾಕ್ಟರ ಕೈ ದಣಿಯದಿರಲೆಂದು ಮೊಣಕೈ ಕೆಳಗೆ ನಾನು ದಿಂಬು ಇಟ್ಟೆ. ನೀರು ಇನ್ನಷ್ಟು ಇಳಿದಿತ್ತು, ಆದರೂ ಯಾರೂ ಗೊಣಗಲಿಲ್ಲ. ಶಾಂತಪ್ಪ, ಲಲಿತಾ ಒಬ್ಬರಾದ ಮೇಲೆ ಒಬ್ಬರು ಹೋಗಿಬಂದರು. ಅಲ್ಲಿ ಏನಿಟ್ಟೆ, ಏನು ಸಿಕ್ಕಿತು ಎಂದು ಇಬ್ಬರೂ ಬಾಯಿಬಿಡದೆ, ನಲವತ್ತು ದಾಟಿದ ಆ ಗಂಡ ಹೆಂಡತಿ ಕಿರುಬೆರಳು ಹಿಡಿದುಕೊಂಡು ಮೆಟ್ಟಿಲಿಳಿದರು. ಗಿರಣಿಯ ಬೋರಮ್ಮನ ಗಂಡ ಸಾಯುವ ಹಿಂದಿನ ತಿಂಗಳು ಹೊಳೆಯ ಬಳಿ ಚಪ್ಪಲಿ ಬಿಟ್ಟು ಬಂದಿದ್ದ. ಅದನ್ನು ತರುತ್ತೇನೆ ಎಂದು ಹಠ ಹಿಡಿದು ಬಂದ ಆಕೆ ಎಚ್ಚರಾದಾಗ ಬರಿಗೈಯಲ್ಲಿದ್ದಳು.

‘ಸಿಗಲಿಲ್ವಾ ಬೋರಮ್ಮ?’ ಎಂದೆ.

‘ಅವೆ. ನೀರಿನ ಕಡೆ ಮುಖ ಮಾಡ್ಕೊಂಡು ಅವೆ. ಹೋಗೋ ದಾರೀಲಿ ಬೇಕಾಗ್ತದಲ್ವಾ ಅಂತ ಬುಟ್ಟುಬಂದೆ’ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೊನೆಯ ದಿನ ನಾಲ್ಕು ಗಂಟೆಗೆ ಸಾಲು ಮುಗಿಯಿತು. ನಾನು ದೀಪ ಆರಿಸಲು ಹೋದೆ. ‘ನೀನು ಕೂತ್ಕೋ’ ಎಂದರು ಡಾಕ್ಟರು. ನನ್ನ ಹಲ್ಲು ಒಂದು ದಿನವೂ ನೋವು ಕೊಟ್ಟದ್ದಿಲ್ಲ, ನಾನು ಆ ಕುರ್ಚಿಯಲ್ಲಿ ಕೂತದ್ದೂ ಇಲ್ಲ. ಕೂತೆ. ಕೆನ್ನೆಗೆ ಅವರ ಬೆರಳು ತಾಕಿತು. ಬೆರಳಿನ ನಡುಕ ನನ್ನ ದವಡೆಯಲ್ಲಿ ಇಳಿದು, ನಿಧಾನವಾಗಿ, ಮರಳಿನ ಮೇಲೆ ಬೀಸುವ ಗಾಳಿಯಾಯಿತು.

ಹೊಳೆ ಅಗಲವಾಗಿತ್ತು. ಅಷ್ಟು ಅಗಲವೆಂದು ನನಗೆ ಯಾರೂ ಹೇಳಿರಲಿಲ್ಲ. ಬಿಳಿಯ ಮರಳು, ಆಚೆ ದಂಡೆಯಲ್ಲಿ ಜೊಂಡು, ಎಲ್ಲಿಂದಲೋ ಹಗಲಿನ ಮಂಕು ಬೆಳಕು. ಮೆಟ್ಟಿಲುಗಳ ಮೇಲೆ ಊರಿನವರ ನಲವತ್ತಮೂರು ವರ್ಷ ಹರಡಿಕೊಂಡಿತ್ತು. ಮಡಿಸಿದ ಟವೆಲುಗಳು, ಮಕ್ಕಳ ಗೋಲಿ, ಒಂದು ಊರುಗೋಲು, ಒಣಗಿದ ಮಲ್ಲಿಗೆ, ನೀರಿನ ಕಡೆ ಮುಖ ಮಾಡಿದ ಜೋಡಿ ಚಪ್ಪಲಿ. ಎಲ್ಲವನ್ನೂ ದಾಟಿ ಕೆಳಗಿಳಿದೆ. ಮರಳಿನಲ್ಲಿ ಬಹಳ ದೂರ ನಡೆದ ಮೇಲೆ ಒಂದು ಸಣ್ಣ ಹರಿವು ಸಿಕ್ಕಿತು. ಬೊಗಸೆಯಲ್ಲಿ ತುಂಬಿಕೊಂಡು ಮುಖಕ್ಕೆ ಹಾಕಿಕೊಂಡೆ. ಅಳು ಬಂತು. ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಮನಸಾರೆ ಅತ್ತೆ.

ಕಣ್ಣು ತೆರೆದಾಗ ಡಾಕ್ಟರು ಬಾಗಿ ನನ್ನನ್ನೇ ನೋಡುತ್ತಿದ್ದರು. ‘ಹೇಗಿದೆ?’ ಎಂದರು.

‘ನೀರು ಕಮ್ಮಿ ಇದೆ ಡಾಕ್ಟ್ರೇ. ಮುಗೀತಾ ಬಂದಿದೆ. ಆದ್ರೆ ಇರೋದು ತಿಳಿಯಾಗಿದೆ.’

ಅವರು ತಲೆಯಾಡಿಸಿದರು. ಕೋಟು ಬಿಚ್ಚಿ ಗೂಟಕ್ಕೆ ತಗುಲಿಸಿ, ಕೈ ತೊಳೆದುಕೊಂಡರು. ನಾನೇ ಬಾಗಿಲು ಹಾಕಿದೆ.

ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವರು ಪೇಟೆಬೀದಿಯಲ್ಲಿ ಸಿಕ್ಕಿದರು. ಆ ಬೆಳಿಗ್ಗೆಯಿಂದ ನಾನು ಸಬಿಹಾಳ ಜೊತೆ ಕೆಲಸಕ್ಕೆ ನಿಂತಿದ್ದೆ, ಅವಳ ಆಸ್ಪತ್ರೆಗೆಂದು ಹತ್ತಿ ಕೊಳ್ಳಲು ಬಂದಿದ್ದೆ. ಆ ಹೊತ್ತಿನ ಬೀದಿಯನ್ನು ಅವರು ಎಷ್ಟೋ ವರ್ಷದಿಂದ ಕಂಡಿರಲಿಲ್ಲ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ತರಕಾರಿ ಗಾಡಿಯ ಪಕ್ಕ ನಿಂತಿದ್ದರು. ಜನ ಕೈಮುಗಿಯುತ್ತಿದ್ದರು. ಅವರು ಎಲ್ಲರಿಗೂ ತಿರುಗಿ ಕೈಮುಗಿಯುತ್ತಿದ್ದರು, ಗೊಂದಲದಿಂದ.

‘ಕನಕಾ, ನನಗೆ ಇವರ್ಯಾರ ಗುರುತೂ ಸಿಗ್ತಿಲ್ಲ’ ಎಂದು ಮೆಲ್ಲಗೆ ಹೇಳಿದರು. ‘ಮುಖವೇ ನೋಡಿಲ್ಲ ನಾನು. ಬಾಯಿ ನೋಡಿದೀನಿ.’

ತರಕಾರಿಯವನಿಗೆ ಅದು ಕೇಳಿಸಿತು. ಅವನು ಅಗಲವಾಗಿ ಹಲ್ಲು ಬಿಟ್ಟು ನಕ್ಕ. ‘ಓ, ಕೆಳಗಿನ ಎಡಗಡೆ ದವಡೆ! ಬೆಳ್ಳಿ ತುಂಬಿದ್ದೆ, ನಿಂತಿದ್ಯೇನಯ್ಯ?’ ಎಂದರು ಡಾಕ್ಟರು. ‘ಬಂಡೆ ಥರ ಐತೆ ಸ್ವಾಮಿ!’ ಹೀಗೆ ಶುರುವಾದದ್ದು ಬೀದಿಗೆಲ್ಲ ಹರಡಿತು. ಹಣ್ಣಿನ ಅಂಗಡಿಯವಳು ನಕ್ಕಳು, ರಿಕ್ಷಾದವನು ಗಾಡಿ ನಿಲ್ಲಿಸಿ ಬಾಯಿ ತೆರೆದ, ಶಾಲೆಯ ಮೇಷ್ಟರು ಮೀಸೆ ಎತ್ತಿ ತೋರಿಸಿದರು. ಡಾಕ್ಟರು ಒಬ್ಬೊಬ್ಬರನ್ನೂ ಹಲ್ಲಿನಿಂದ ಗುರುತು ಹಿಡಿದು, ಹಳೆಯ ನೆಂಟರನ್ನು ಕಂಡವರ ಹಾಗೆ ಮಾತಾಡಿಸುತ್ತ ನಡೆದರು.

ಬೀದಿಯ ತಿರುವಿನಲ್ಲಿ ಕಟ್ಟೆಯ ಮೇಲೆ ಸೊಪ್ಪು ಹರಡಿಕೊಂಡು ಕೂತಿದ್ದ ಮುದುಕಿಯೊಬ್ಬಳು ಅವರನ್ನು ತಡೆದಳು. ಬಾಯಿ ದೊಡ್ಡದಾಗಿ ತೆರೆದು ತೋರಿಸಿದಳು. ಒಳಗೆ ವಸಡು ಬಿಟ್ಟರೆ ಏನೂ ಇರಲಿಲ್ಲ.

‘ಎಲ್ಲಾ ನೀವೇ ಕಿತ್ತಿದ್ದು’ ಎಂದಳು ನಗುತ್ತ. ‘ಒಂದೂ ಉಳಿಸಿಲ್ಲ. ಈಗ ಹೆಂಗೆ ಗುರುತು ಹಿಡೀತೀರಿ, ನೋಡ್ತೀನಿ.’

ಡಾಕ್ಟರು ನಿಂತರು. ಮೊದಲು ಬಾಯೊಳಗೆ ನೋಡಿದರು, ರೂಢಿಯಂತೆ. ಆಮೇಲೆ ಬಾಗಿದ್ದ ಕುತ್ತಿಗೆಯನ್ನು ಆದಷ್ಟು ನೆಟ್ಟಗೆ ಮಾಡಿಕೊಂಡು ಆಕೆಯ ಮುಖ ನೋಡಿದರು. ಹಣೆಯ ಹಚ್ಚೆ, ಒಂದು ಕಣ್ಣಿನ ಪೊರೆ, ಕಿವಿಯ ತೂತು ಹಿಗ್ಗಿ ಜೋತ ಓಲೆ, ಎಲ್ಲವನ್ನೂ ಅವಸರವಿಲ್ಲದೆ ನೋಡಿದರು. ಹಿಂದೆ ಗಾಡಿಯವನು ಹಾರನ್ ಮಾಡಿದರೂ ಸರಿಯಲಿಲ್ಲ.

‘ಇಲ್ಲಮ್ಮ, ಗೊತ್ತಾಗ್ತಿಲ್ಲ’ ಎಂದು ಕಟ್ಟೆಯ ಮೇಲೆ ಸೊಪ್ಪಿನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತರು. ‘ನಿನ್ನ ಹೆಸರೇನು, ಹೇಳು.’